ಮನೆಯಲ್ಲೇ ಕನ್ನಡ ಓದು ಕಲಿಸುವುದು ಹೇಗೆ: ಎರಡರಿಂದ ಏಳು ವರ್ಷದ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಮಗುವಿಗೆ ಮೂರು ತುಂಬುತ್ತಿದ್ದಂತೆ ಮನೆಯ ಗೋಡೆಗೆ ಅಕ್ಷರಮಾಲೆಯ ಪಟ ಬಂದು ಕೂರುತ್ತದೆ. ಅ ಅರಸ, ಆ ಆನೆ, ಇ ಇಲಿ. ಕೆಲವು ತಿಂಗಳಲ್ಲಿ ಮಗು ಅಕಾರದಿಂದ ಳಕಾರದವರೆಗೆ ಗಡಗಡ ಒಪ್ಪಿಸುತ್ತದೆ. ಬಂದ ನೆಂಟರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಅದೇ ಮಗುವಿನ ಮುಂದೆ ‘ಸರ’ ಎಂದು ಬರೆದಿಟ್ಟು ನೋಡಿ, ಪಿಳಿಪಿಳಿ ಕಣ್ಣು ಬಿಡುತ್ತದೆ. ‘ಸ’ ಯಾವುದು ಎಂದರೆ ‘ಯ ರ ಲ ವ ಶ ಷ ಸ’ ಎಂದು ರಾಗ ಎಳೆದುಕೊಂಡು ಹೋಗಿ ಹುಡುಕಬೇಕು.

ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ವರ್ಣಮಾಲೆಯ ಸಾಲು ವ್ಯಾಕರಣದವರು ಉಚ್ಚಾರಣೆಯ ಜಾಗ ನೋಡಿ ಜೋಡಿಸಿದ್ದು. ಕ-ವರ್ಗ ಗಂಟಲಿನ ಹತ್ತಿರ ಹುಟ್ಟಿದರೆ ಪ-ವರ್ಗ ತುಟಿಯಲ್ಲಿ ಮುಗಿಯುತ್ತದೆ. ನಿಘಂಟು ನೋಡುವವರಿಗೆ ಈ ಸಾಲು ಬೇಕೇ ಬೇಕು. ಓದಲು ಹೊರಟ ಮಗುವಿಗೆ ಮೊದಲ ದಿನವೇ ಇದರ ಅಗತ್ಯವಿಲ್ಲ. ಸಾಲಿನ ಮೊದಲಿಗೇ ಬರುವ 13 ಸ್ವರಗಳು ತಮ್ಮ ಪೂರ್ಣರೂಪದಲ್ಲಿ ಹೆಚ್ಚುಕಡಿಮೆ ಪದದ ತಲೆಯಲ್ಲಷ್ಟೇ ಕಾಣಿಸಿಕೊಳ್ಳುತ್ತವೆ, ಉಳಿದ ಕಡೆ ಚಿಹ್ನೆಗಳಾಗಿ ಬಿಡುತ್ತವೆ. ಅಂದರೆ ಅ, ಆ, ಇ, ಈ ಎಂದು ವಾರಗಟ್ಟಲೆ ಕಲಿತರೂ ‘ಆ’, ‘ಈ’ಗಳಂಥವನ್ನು ಬಿಟ್ಟರೆ ಮಗು ಓದಬಲ್ಲ ಪದ ಸಿಗುವುದಿಲ್ಲ. ಇನ್ನು ಙ, ಞಗಳಿಗೆ ಪಟ ಮಾಡುವವರೇ ಚಿತ್ರ ಸಿಗದೆ ಒದ್ದಾಡುತ್ತಾರೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕಿವಿಯಿಂದ. ಆಮೇಲೆ ಕಣ್ಣು, ಆಮೇಲೆ ಬೆರಳೆಣಿಕೆಯ ಅಕ್ಷರಗಳು, ಆಮೇಲೆ ಗುಣಿತ, ಒತ್ತು. ಬರವಣಿಗೆ ಇವುಗಳ ಹಿಂದೆ ಹಿಂದೆ ನಿಧಾನವಾಗಿ ಬರಲಿ. ಕೆಳಗೆ ಕೊಟ್ಟಿರುವ ವಯಸ್ಸುಗಳು ಅಂದಾಜಿನವು. ಆರು ತಿಂಗಳು ಹಿಂದೆ-ಮುಂದೆ ಆದರೆ ಆಕಾಶ ಕಳಚಿ ಬೀಳುವುದಿಲ್ಲ.

ಹೆಜ್ಜೆ 1: ಮಾತು, ಕಥೆ, ಸದ್ದಿನ ಆಟ (ಎರಡರಿಂದ ನಾಲ್ಕು ವರ್ಷ)

ಕಿವಿಗೆ ಬೀಳದ ಪದವನ್ನು ಕಣ್ಣು ಓದಿದರೂ ಅದು ಓದಾಗುವುದಿಲ್ಲ. ಗರಗಸ ಕಾಣದ, ಅದರ ಹೆಸರು ಕೇಳದ ಮಗು ಗ-ರ-ಗ-ಸ ಎಂದು ಕೂಡಿಸಿ ಓದಿದರೂ ಮುಖದಲ್ಲಿ ಬೆಳಕು ಮೂಡುವುದಿಲ್ಲ. ಆದ್ದರಿಂದ ಈ ವಯಸ್ಸಿನಲ್ಲಿ ಮಾಡಬೇಕಾದ ದೊಡ್ಡ ಕೆಲಸವೆಂದರೆ ಪದಗಳನ್ನು ಮಗುವಿನ ಕಿವಿಗೆ ಧಾರಾಳವಾಗಿ ಹಾಕುವುದು. ಅದಕ್ಕೆ ಅಡುಗೆಮನೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ‘ಅದನ್ನು ಕೊಡು’ ಎನ್ನುವ ಬದಲು ‘ಆ ಸೌಟು ಕೊಡು’, ‘ಜರಡಿ ಎಲ್ಲಿದೆ ನೋಡು’, ‘ಸಾಸಿವೆ ಚಟಪಟ ಅಂತಿದೆ ಕೇಳು’ ಎಂದರೆ ಸಾಕು, ಪಾಠ ನಡೆಯಿತು.

ಕಥೆ ಹೇಳುವಾಗ ನಿಮ್ಮ ಮನೆಯ ಕನ್ನಡದಲ್ಲೇ ಹೇಳಿ. ಧಾರವಾಡದ ‘ಹೊಂಟೀನಿ’, ಕುಂದಾಪುರದ ‘ಹೋತೆ’, ಮೈಸೂರಿನ ‘ಹೋಗ್ತೀನಿ’ ಎಲ್ಲವೂ ನಡೆಯುತ್ತವೆ. ಪುಸ್ತಕದ ‘ಹೋಗುತ್ತೇನೆ’ಯನ್ನು ಪುಸ್ತಕ ಓದುವಾಗ ಮಗು ತಾನಾಗಿ ಕೇಳಿಸಿಕೊಳ್ಳುತ್ತದೆ. ‘ಆಲು’ ಎಂದ ಮಗುವನ್ನು ‘ಹಾಲು ಅನ್ನು, ಹಾ, ಹಾ’ ಎಂದು ತಡೆದು ನಿಲ್ಲಿಸಬೇಡಿ. ‘ಹಾಲು ಬೇಕಾ? ತಗೋ’ ಎಂದು ಸರಿಯಾದ ರೂಪವನ್ನು ನೀವು ಆಡಿ ಮುಂದೆ ಹೋಗಿ. ಕಥೆ ಮುಗಿದ ಮೇಲೆ ‘ಅರ್ಥ ಆಯ್ತಾ?’ ಎಂದು ಕೇಳಿದರೆ ‘ಹೂಂ’ ಎಂಬ ಉತ್ತರ ಬರುತ್ತದೆ, ಅಷ್ಟೇ. ‘ನರಿ ಯಾಕೆ ಸುಳ್ಳು ಹೇಳ್ತು?’, ‘ನೀನಾಗಿದ್ರೆ ಏನ್ ಮಾಡ್ತಿದ್ದೆ?’ ಎಂದು ಕೇಳಿ. ಮಾರನೇ ದಿನ ಅದೇ ಕಥೆಯನ್ನು ಅಜ್ಜಿಗೋ ತಾತನಿಗೋ ಹೇಳಲು ಹೇಳಿ. ಕ್ರಮ ತಪ್ಪಿದರೂ ನರಿಯ ಜಾಗಕ್ಕೆ ಹುಲಿ ಬಂದರೂ ಪರವಾಗಿಲ್ಲ.

ನಡುವೆ ಸದ್ದಿನ ಆಟಗಳು ನಡೆಯಲಿ. ಇವಕ್ಕೆ ಪೆನ್ನು-ಕಾಗದ ಬೇಡ, ಬಸ್ಸಿಗೆ ಕಾಯುವಾಗಲೂ ಆಡಬಹುದು.

ಚಪ್ಪಾಳೆ ಆಟ: ಕಾ-ಗೆ (ಎರಡು ಚಪ್ಪಾಳೆ), ಬಾ-ಗಿ-ಲು (ಮೂರು). ಮನೆಯವರ ಹೆಸರುಗಳಿಂದ ಶುರು ಮಾಡಿದರೆ ಮಕ್ಕಳಿಗೆ ಖುಷಿ. ‘ಅಮ್ಮ’ ಬಂದಾಗ ಮಕ್ಕಳು ‘ಅಮ್-ಮ’ ಎಂದು ಒಡೆಯುತ್ತಾರೆ. ನಾವು ಬರೆಯುವುದು ‘ಅ-ಮ್ಮ’ ಎಂದು. ಅವರ ಕಿವಿ ಹೇಳಿದ್ದು ಸರಿಯೇ, ಈಗ ತಿದ್ದಲು ಹೋಗಬೇಡಿ.

ಸರಪಳಿ ಆಟ: ಮರ, ರವೆ, ವಡೆ, ಡಬ್ಬಿ, ಬಾಳೆ. ಕೊನೆಯ ಸದ್ದಿನಿಂದ ಮುಂದಿನ ಪದ. ಸ್ವರ ಬದಲಾದರೆ ಮಾಫಿ.

ತಲೆ ತೆಗೆಯುವ ಆಟ: ‘ಕೋಸಂಬರಿಯ ತಲೆ ತೆಗೆದ್ರೆ?’ ‘ಸಂಬರಿ!’ ‘ಮಜ್ಜಿಗೆಯ ಬಾಲ ಕತ್ತರಿಸಿದ್ರೆ?’ ‘ಮಜ್ಜಿ!’ ಅರ್ಥವಿಲ್ಲದ ಪದ ಹುಟ್ಟಿದಷ್ಟೂ ನಗು ಜಾಸ್ತಿ.

ಈ ಆಟಗಳ ಹಿಂದೆ ಲೆಕ್ಕಾಚಾರವಿದೆ. ಕನ್ನಡದ ಒಂದು ಅಕ್ಷರ ಎಂದರೆ ಬಾಯಲ್ಲಿ ಒಂದು ಪೂರ್ಣ ಸದ್ದಿನ ತುಂಡು: ಕ, ಕಿ, ಕೋ. ಈ ತುಂಡುಗಳನ್ನು ಮಕ್ಕಳ ಕಿವಿ ಬೇಗ ಹಿಡಿಯುತ್ತದೆ. ‘ಕಿ’ ಒಳಗೆ ‘ಕ್’ ಮತ್ತು ‘ಇ’ ಎಂಬ ಎರಡು ಸದ್ದುಗಳಿವೆ ಎನ್ನುವ ಅರಿವು ತಡವಾಗಿ, ಗುಣಿತ ಚೆನ್ನಾಗಿ ರೂಢಿಯಾಗುತ್ತ ಹೋದಂತೆ ಬರುತ್ತದೆ. ಕನ್ನಡ ಮಕ್ಕಳ ಆರಂಭಿಕ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲೂ ಕಂಡದ್ದು ಇದೇ. ನಮ್ಮ ಅಕ್ಷರಗಳು ಪೂರ್ತಿ ಕೈವಶವಾಗುವುದು ಒಂದನೇ ತರಗತಿಯಲ್ಲಲ್ಲ, ಅದು ಹಲವು ವರ್ಷಗಳ ಕೆಲಸ. ‘ಯುಕೆಜಿ ಮುಗೀತು, ಇನ್ನೂ ಪೇಪರ್ ಓದಲ್ಲ’ ಎಂದು ತಲೆ ಕೆಡಿಸಿಕೊಳ್ಳುವ ಅಪ್ಪಂದಿರು ಇದನ್ನು ನೆನಪಿಡಬೇಕು.

ಹೆಜ್ಜೆ 2: ಕಣ್ಣೆದುರಿನ ಅಕ್ಷರ (ಮೂರೂವರೆಯಿಂದ)

ಹಾಲಿನ ಪ್ಯಾಕೆಟ್ ದಿನಾ ಬೆಳಿಗ್ಗೆ ಮನೆಗೆ ಬರುವ ಪುಸ್ತಕ. ಕತ್ತರಿಸುವ ಮೊದಲು ಅರ್ಧ ನಿಮಿಷ:

‘ಪುಟ್ಟೀ, ಇದರ ಮೇಲೆ ಏನಂತ ಬರೆದಿದೆ?’
‘ಹಾಲು.’
‘ಒಳಗಿರೋದು ಹಾಲು. ಬರೆದಿರೋದು ನಂದಿನಿ. ನಂ-ದಿ-ನಿ.’ (ಪ್ರತಿ ಅಕ್ಷರದ ಕೆಳಗೆ ಬೆರಳು.)
‘ಇದೂ ಇದೂ ಒಂದೇ ಥರ ಇದೆ!’
‘ಹೌದಲ್ಲಾ, ಎರಡೂ ನ. ಒಂದರ ಪಕ್ಕ ಸೊನ್ನೆ ಕೂತಿದೆ, ಇನ್ನೊಂದರ ತಲೆ ಮೇಲೆ ಗುಡಿಸು.’

ಇಷ್ಟೇ. ಪರೀಕ್ಷೆ ಬೇಡ, ‘ಈಗ ನೀನು ಹೇಳು’ ಬೇಡ. ಮಗು ಮೊದಲಿಗೆ ಪ್ಯಾಕೆಟ್ಟಿನ ಬಣ್ಣ ನೋಡಿ ‘ನಂದಿನಿ’ ಎನ್ನುತ್ತದೆ. ಅದನ್ನು ಓದೆಂದು ಕರೆಯಲಾಗದಿದ್ದರೂ ಈ ಗೀಟುಗಳು ಏನೋ ಹೇಳುತ್ತಿವೆ ಎಂಬ ಅರಿವು ಬಂದಿರುತ್ತದೆ. ಆ ಅರಿವಿಲ್ಲದೆ ಯಾವ ಅಕ್ಷರವೂ ತಲೆಗೆ ಹತ್ತುವುದಿಲ್ಲ.

ರಸ್ತೆಗೆ ಇಳಿದರೆ ಇನ್ನೂ ಅನುಕೂಲ. ಕರ್ನಾಟಕದಲ್ಲಿ ಅಂಗಡಿ ಫಲಕಗಳ ಶೇ. 60ರಷ್ಟು ಜಾಗ ಕನ್ನಡಕ್ಕಿರಬೇಕೆಂದು 2024ರಲ್ಲಿ ಕಾಯ್ದೆಯೇ ಬಂದಿದೆ. ‘ಬೇಕರಿ’ ನನ್ನ ಅಚ್ಚುಮೆಚ್ಚಿನ ಮೊದಲ ಪದ: ಮೂರೇ ಅಕ್ಷರ, ಒತ್ತಿಲ್ಲ, ಒಳಗೆ ಬನ್ನು ಸಿಗುತ್ತದೆ. ಬಸ್ಸಿನ ಬೋರ್ಡು, ಗೋಡೆಯ ಕ್ಯಾಲೆಂಡರಿನ ವಾರದ ಹೆಸರು, ಮದುವೆ ಕಾಗದದಲ್ಲಿ ಅತ್ತೆಯ ಹೆಸರು, ಎಲ್ಲವೂ ಆಗುತ್ತದೆ. ಮನೆಯೊಳಗೆ ಮಗುವಿನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಅದರ ಚಪ್ಪಲಿ ಇಡುವ ಜಾಗದ ಮೇಲೆ ಅಂಟಿಸಿ. ಮಕ್ಕಳು ಬೇರೆ ಯಾವ ಪದಕ್ಕಿಂತ ಮೊದಲು ತಮ್ಮ ಹೆಸರು ಗುರುತಿಸುತ್ತಾರೆ.

ಹೆಜ್ಜೆ 3: ಮಡಿಲಲ್ಲಿ ಕೂರಿಸಿಕೊಂಡು ಓದುವುದು

ಇದು ಬೇರೆ ಹೆಜ್ಜೆ ಎನ್ನುವುದಕ್ಕಿಂತ ಎಲ್ಲ ಹೆಜ್ಜೆಗಳ ಜೊತೆ ನಡೆಯುವಂಥದ್ದು. ದಿನಕ್ಕೆ ಹತ್ತು ನಿಮಿಷ, ಆದಷ್ಟು ಒಂದೇ ಹೊತ್ತಿಗೆ. ರಾತ್ರಿ ಮಲಗುವ ಮುನ್ನ ಆದರೆ ಒಳ್ಳೆಯದು. ಒಂದು ಪುಟಕ್ಕೆ ಒಂದೆರಡು ಸಾಲಿರುವ, ಚಿತ್ರ ದೊಡ್ಡದಿರುವ ಪುಸ್ತಕ ಆರಿಸಿ. ಮೊದಲ ಸಲ ಚಿತ್ರಗಳನ್ನಷ್ಟೇ ನೋಡುತ್ತ ಮಗುವಿನ ಬಾಯಿಂದ ಕಥೆ ಹೊರಡಿಸಿ. ಎರಡನೇ ಸಲ ನೀವು ಓದಿ, ಸಾಲಿನ ಕೆಳಗೆ ಬೆರಳು ಜಾರಿಸುತ್ತ. ನಾಲ್ಕಾರು ಸಲ ಆದಮೇಲೆ ಸಾಲಿನ ಕೊನೆಯ ಪದ ಬಿಟ್ಟು ನಿಲ್ಲಿಸಿ. ಮಗು ತುಂಬುತ್ತದೆ. ಒಂದೇ ಪುಸ್ತಕವನ್ನು ತಿಂಗಳುಗಟ್ಟಲೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಬಾಯಿಪಾಠವಾದ ಪುಸ್ತಕದಲ್ಲೇ ಮಗು ಮೊದಲ ಬಾರಿ ಪದಗಳನ್ನು ಬೆರಳಿಟ್ಟು ಹುಡುಕುವುದು.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಹಂತವಾರು, ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಬಹುದು. ಊರುಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವನ್ನು ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಯೋಜನೆಯಲ್ಲಿ ಶಾಲಾ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಮಕ್ಕಳ ಗ್ರಂಥಾಲಯವಿದೆ.

ಮೊಬೈಲಿನಲ್ಲಿ ತಾನೇ ಓಡುವ ಶಿಶುಗೀತೆಗಳನ್ನು ಹಾಕಿಕೊಟ್ಟು ಇದಕ್ಕೆ ಬದಲಿ ಎಂದುಕೊಳ್ಳಬೇಡಿ. ಮಗು ನಡುವೆ ‘ಯಾಕೆ?’ ಎಂದರೆ ಮೊಬೈಲು ನಿಲ್ಲುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ಪರದೆಯ ಮುಂದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಹೆಜ್ಜೆ 4: ಐದು ಅಕ್ಷರ, ಹತ್ತು ಪದ (ಸುಮಾರು ಐದು ವರ್ಷ)

ಈಗ ಅಕ್ಷರ. ರ, ಗ, ಸ, ದ, ಅ. ಈ ಗುಂಪು ನನ್ನ ಆವಿಷ್ಕಾರವಲ್ಲ. 1990ರ ದಶಕದ ನಡುವೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರು ರೂಪಿಸಿದ ನಲಿ-ಕಲಿ ಪದ್ಧತಿಯ ಮೊದಲ ಮೆಟ್ಟಿಲು ಇದು. 2009-10ರಲ್ಲಿ ಆ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ವಿಸ್ತರಿಸಿತು. ನಿಮ್ಮ ಮಗು ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ ಮನೆಯಲ್ಲೂ ಇದೇ ಕ್ರಮ ಹಿಡಿದರೆ ಎರಡು ದಾರಿ ಆಗುವುದಿಲ್ಲ.

ಈ ಐದರ ಚೆಲುವು ನೋಡಿ. ಒಂದೂ ಚಿಹ್ನೆಯಿಲ್ಲದೆ, ಒತ್ತಿಲ್ಲದೆ ಇಷ್ಟು ಪದ ಹುಟ್ಟುತ್ತವೆ: ಸರ, ರಸ, ದರ, ಅರಸ, ಅಗಸ, ದಸರ, ಗದಗ, ಗರಗಸ, ಸರಸರ, ಗರಗರ. ‘ಮರದ’ ಎನ್ನುವಾಗ ಕೊನೆಗೆ ಬರುವ ‘ದ’ ಕೂಡ ಕೈಲಿರುವುದರಿಂದ ‘ಗದಗದ ಅರಸ’, ‘ದಸರದ ಸರ’ ಎಂದು ಪದಗಳನ್ನು ಜೋಡಿಸಲೂ ಬರುತ್ತದೆ.

ಕಲಿಸುವ ಬಗೆ ಹೀಗೆ. ಹಳೇ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸಿ, ಒಂದೊಂದು ಚೀಟಿಯಲ್ಲಿ ಒಂದೊಂದು ಅಕ್ಷರ ಬರೆಯಿರಿ. ಪ್ರತಿ ಅಕ್ಷರಕ್ಕೆ ಮೂರು ಚೀಟಿ ಇರಲಿ, ಗರಗಸಕ್ಕೆ ಎರಡು ಗ ಬೇಕಲ್ಲ. ಮೊದಲ ದಿನ ‘ಸರ’ ಎಂಬ ಪದ, ನಿಜವಾದ ಒಂದು ಸರ. ಬಾಯಲ್ಲಿ ಒಡೆಯಿರಿ: ಸ, ರ. ಚೀಟಿ ಇಡಿ. ಅದಲು ಬದಲು ಮಾಡಿ: ರಸ! ಮಕ್ಕಳಿಗೆ ಇದು ಜಾದೂ. ಮಾರನೇ ದಿನ ಹೊಸದು ಬೇಡ, ಅದನ್ನೇ ಆಡಿಸಿ. ಮೂರನೇ ದಿನ ‘ಅ’ ಸೇರಿಸಿ: ಅರಸ. ಹೀಗೆ ಎರಡು-ಮೂರು ವಾರದಲ್ಲಿ ಐದೂ ಬರುತ್ತವೆ. ಒಂದು ಕೂತಿಗೆ ಹತ್ತು-ಹದಿನೈದು ನಿಮಿಷ ಸಾಕು. ಮಗು ಆಕಳಿಸಿದರೆ, ಚೀಟಿ ಬಾಯಿಗೆ ಹಾಕಿದರೆ, ಅಂದಿನ ಪಾಠ ಮುಗಿಯಿತು ಎಂದೇ ಅರ್ಥ.

ಮುಂದಿನ ಗುಂಪು ಜ, ವ, ಮ, ಬ, ನ. ಈಗ ಮರ, ಜನ, ವನ, ಮಗ, ನಗರ, ಬಸವ ಎಲ್ಲ ಬಂದವು. ನ ಬಂದಿದ್ದರಿಂದ ‘ಅರಸನ ಮಗ’ ಆಯಿತು. ‘ಬಸವ ಅರಸನ ಮಗ’ ಎಂದು ಬರೆದು ಮುಂದಿಡಿ, ಕ್ರಿಯಾಪದವೇ ಇಲ್ಲದ ಪೂರ್ತಿ ವಾಕ್ಯ. ಹತ್ತು ಅಕ್ಷರಕ್ಕೆ ಮಗು ವಾಕ್ಯ ಓದಿತು.

ಒಂದು ಎಚ್ಚರಿಕೆ: ನೋಡಲು ಒಂದೇ ಥರ ಕಾಣುವ ಅಕ್ಷರಗಳನ್ನು ಒಟ್ಟಿಗೆ ತರಬೇಡಿ. ವ, ಪ, ಮ, ಷ ಒಂದು ಗೊಂದಲದ ಗುಂಪು; ನ, ಸ ಇನ್ನೊಂದು. ವ ಮತ್ತು ಮ ಒಂದೇ ಗುಂಪಿನಲ್ಲಿದ್ದರೂ ನಡುವೆ ನಾಲ್ಕು ದಿನ ಬಿಡಿ. ಮಹಾಪ್ರಾಣಗಳನ್ನು (ಖ, ಘ, ಧ, ಭ ಇತ್ಯಾದಿ) ಕೊನೆಗೆ ಇಟ್ಟುಕೊಳ್ಳಿ. ಬಹುತೇಕ ಮನೆಗಳ ಆಡುಮಾತಿನಲ್ಲಿ ಅವು ಅಲ್ಪಪ್ರಾಣವಾಗೇ ಹೊರಡುತ್ತವೆ, ಮಗುವಿನ ಕಿವಿಗೆ ವ್ಯತ್ಯಾಸವೇ ಸಿಕ್ಕಿರುವುದಿಲ್ಲ.

ಹೆಜ್ಜೆ 5: ಗುಣಿತ

34 ವ್ಯಂಜನ, ಪ್ರತಿಯೊಂದಕ್ಕೆ 15 ರೂಪ: ಒಟ್ಟು 510. ‘ಕ ತಲೆಕಟ್ಟು ಕ, ಕಾ ಇಳಿ ಕಾ, ಕಿ ಗುಡಿಸು ಕಿ’ ಎಂದು ಒಂದು ವ್ಯಂಜನ ಹಿಡಿದು ಹದಿನೈದನ್ನೂ ಒಪ್ಪಿಸುವುದು ಹಳೇ ಮಠದ ರೂಢಿ. ಕೇಳಲು ಇಂಪು, ಹೆಸರುಗಳೂ ನೆನಪಿರುತ್ತವೆ. ಆದರೆ ಓದಿಗೆ ಅಡ್ಡಡ್ಡ ಹೋಗುವುದು ವಾಸಿ: ಒಂದು ಚಿಹ್ನೆ ಹಿಡಿದು, ಗೊತ್ತಿರುವ ಅಕ್ಷರಗಳಿಗೆಲ್ಲ ಹಚ್ಚುವುದು. ಇಳಿಯ ವಾರದಲ್ಲಿ ಸಾರ, ದಾರ, ಮಾವ, ಬಾಳ. ಗುಡಿಸಿನ ವಾರದಲ್ಲಿ ಗಿಡ, ನದಿ, ಮರಿ. ಹೀಗೆ ಮಾಡಿದರೆ 510 ರೂಪ ಬಾಯಿಪಾಠ ಮಾಡುವ ಬದಲು ಹದಿನೈದು ನಿಯಮ ಕಲಿತಂತಾಗುತ್ತದೆ.

ಕ್ರಮ: ಇಳಿ, ಗುಡಿಸು, ಕೊಂಬು, ಏತ್ವ. ಕನ್ನಡದ ಪದಗಳು ಹೆಚ್ಚಾಗಿ ಇ, ಉ, ಎಗಳಲ್ಲೇ ಮುಗಿಯುವುದರಿಂದ (ಇಲಿ, ಹಾಲು, ಮನೆ) ಈ ನಾಲ್ಕು ಬಂದರೆ ಪುಸ್ತಕದ ಬಾಗಿಲು ತೆರೆದಂತೆ. ಆಮೇಲೆ ಓತ್ವ, ಸೊನ್ನೆ. ಐತ್ವ, ಔತ್ವ, ವಟ್ರಸುಳಿ ಕಟ್ಟಕಡೆಗೆ.

ಮಕ್ಕಳು ಜಾಸ್ತಿ ಎಡವುವುದು ದೀರ್ಘದಲ್ಲಿ. ಅದಕ್ಕೆ ಜೋಡಿ ಪದಗಳಷ್ಟು ಒಳ್ಳೆಯ ಮದ್ದಿಲ್ಲ: ಬಳೆ-ಬಾಳೆ, ಬೆಳೆ-ಬೇಳೆ, ಕೊಡು-ಕೋಡು. ಒಂದು ಬಳೆ, ಒಂದು ಬಾಳೆಹಣ್ಣು ಮುಂದಿಟ್ಟು ಚೀಟಿ ತೋರಿಸಿ, ಓದಿದ್ದನ್ನು ಎತ್ತಿಕೊಡಲು ಹೇಳಿ. ತಪ್ಪಿದರೆ ಹಣ್ಣಿನ ಬದಲು ಬಳೆ ತಿನ್ನಬೇಕು ಎಂದರೆ ಮಗು ಮತ್ತೊಮ್ಮೆ ನೋಡುತ್ತದೆ. ಪು, ವು, ಮಿ, ಯಿಗಳಲ್ಲಿ ಚಿಹ್ನೆ ಕೂರುವ ಬಗೆ ಸ್ವಲ್ಪ ಬೇರೆ. ಪುಸ್ತಕದಲ್ಲಿ ಎದುರಾದಾಗ ತೋರಿಸಿ.

ಹೆಜ್ಜೆ 6: ಒತ್ತು (ಆರರಿಂದ ಏಳು)

ಕನ್ನಡದ ಒಂದು ತಮಾಷೆ: ಮಗುವಿಗೆ ತೀರ ಹತ್ತಿರದ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಎಲ್ಲರೂ ಒತ್ತಕ್ಷರದಲ್ಲೇ ಇದ್ದಾರೆ. ಆದ್ದರಿಂದ ಒತ್ತು ಶುರುವಾಗಬೇಕಾದದ್ದು ಇವರಿಂದಲೇ. ಕ, ಪ, ಜ, ಣಗಳಂಥ ಹೆಚ್ಚಿನ ಅಕ್ಷರಗಳು ತಲೆಕಟ್ಟು ಇದ್ದರೆ ಅದನ್ನು ಕಳಚಿಟ್ಟು, ಚಿಕ್ಕದಾಗಿ ಕೆಳಗೆ ಕೂರುತ್ತವೆ, ಗುರುತು ಸಿಗುತ್ತದೆ. ವೇಷ ಬದಲಿಸುವವು ಮುಖ್ಯವಾಗಿ ಆರು: ತ, ನ, ಮ, ಯ, ರ, ಲ. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಈ ಆರು ಪದಗಳನ್ನು ಚಿತ್ರದ ಜೊತೆ ಗೋಡೆಗೆ ಅಂಟಿಸಿದರೆ ಅರ್ಧ ಕೆಲಸ ಮುಗಿದಂತೆ. ಅರ್ಕಾವತ್ತು ಮಾತ್ರ ನಿಧಾನಕ್ಕೆ ಬರಲಿ. ಅದನ್ನು ಬರೆಯುವುದು ಆಮೇಲೆ, ಓದುವುದು ಮೊದಲು. ದೊಡ್ಡವರೂ ತಡವರಿಸುವ ಜಾಗ ಅದು.

ಬರವಣಿಗೆಯ ಮಾತು

ವಿಜಯದಶಮಿಯಂದು ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸುತ್ತೇವಲ್ಲ, ಆ ಕ್ರಮದಲ್ಲಿ ಬುದ್ಧಿವಂತಿಕೆಯಿದೆ. ಅದನ್ನು ಒಂದು ದಿನಕ್ಕೆ ಮುಗಿಸಬೇಡಿ. ಮರಳು, ರವೆ, ರಂಗೋಲಿ ಪುಡಿಯಲ್ಲಿ ಬೆರಳಾಡಲಿ. ಕನ್ನಡದ ಅಕ್ಷರ ಗುಂಡಗೆ. ಅದಕ್ಕೆ ಬೇಕಾದ ತಿರುವುಗಳು ಸೊನ್ನೆ, ಸುರುಳಿ, ಬಳ್ಳಿ ಬಿಡಿಸುವಾಗ ಬರುತ್ತವೆ. ಬಟಾಣಿ ಸುಲಿಯುವುದು, ಹೂವು ಪೋಣಿಸುವುದು, ಚಪಾತಿ ಹಿಟ್ಟು ನಾದುವುದು ಬೆರಳಿಗೆ ಬಲ ಕೊಡುತ್ತವೆ. ಆಮೇಲೆ ಸ್ಲೇಟು, ಬಳಪ. ಒರೆಸಿದರೆ ತಪ್ಪು ಮಾಯ, ಹೆದರಿಕೆಯಿಲ್ಲ. ಐದೂವರೆಗೆ ಮೊದಲು ನಾಲ್ಕು ಗೆರೆ ಪುಸ್ತಕದಲ್ಲಿ ಪುಟಗಟ್ಟಲೆ ತಿದ್ದಿಸುವುದನ್ನು ನಾನು ಒಪ್ಪುವುದಿಲ್ಲ, ಯಾವ ಶಾಲೆ ಹೋಂವರ್ಕ್ ಕೊಟ್ಟರೂ ಸರಿ. ಮಗು ಮೊದಲು ಬರೆಯಬೇಕಾದದ್ದು ತನ್ನ ಹೆಸರು. ‘ಅಮ ಬದಳು’ ಎಂದು ಚೀಟಿ ಬರೆದುಕೊಟ್ಟರೆ ಕೆಂಪು ಶಾಯಿ ಎತ್ತಬೇಡಿ. ‘ಅಮ್ಮ ಬಂದಳು’ ಎಂದು ಓದಿ, ಕೆಳಗೆ ನೀವೇ ಒಂದು ಉತ್ತರ ಸರಿಯಾಗಿ ಬರೆದುಕೊಡಿ.

ಮನೆಮಾತು ಬೇರೆಯಾದರೆ

ತುಳು, ಕೊಡವ, ಬ್ಯಾರಿ, ಉರ್ದು, ಲಂಬಾಣಿ ಮಾತಾಡುವ ಮನೆಗಳಲ್ಲಿ ಕಥೆ ಮನೆಮಾತಿನಲ್ಲೇ ನಡೆಯಲಿ. ಕನ್ನಡದ ಪುಸ್ತಕ ತೆರೆದಾಗಲೂ ಚಿತ್ರದ ಬಗ್ಗೆ ಮಾತು ಮನೆಮಾತಿನಲ್ಲಿ, ಸಾಲು ಕನ್ನಡದಲ್ಲಿ. ಇಂಗ್ಲಿಷ್ ಶಾಲೆಗೆ ಹೋಗುವವರಿಗೆ ಕನ್ನಡ ಹೊರೆಯಾಗುತ್ತದೆ ಎಂಬ ಭಯ ಬೇಡ. ಬರೆದಂತೆ ಓದುವ ಲಿಪಿಯಲ್ಲಿ ಓದಿನ ಗುಟ್ಟು ಬೇಗ ಹಿಡಿತಕ್ಕೆ ಬರುತ್ತದೆ, ಒಂದು ಭಾಷೆಯಲ್ಲಿ ಹಿಡಿದ ಗುಟ್ಟು ಇನ್ನೊಂದಕ್ಕೂ ಆಗಿಬರುತ್ತದೆ. ಹೊರದೇಶದಲ್ಲಿರುವವರು ವಾರಕ್ಕೊಂದು ವಿಡಿಯೊ ಕರೆಯನ್ನು ಅಜ್ಜಿಯ ಕಥೆಗೆಂದೇ ಎತ್ತಿಡಿ. ಒಂದೇ ಪುಸ್ತಕದ ಎರಡು ಪ್ರತಿ ಇದ್ದರೆ, ಒಂದು ಅಜ್ಜಿಯ ಕೈಲಿ, ಒಂದು ಮೊಮ್ಮಗನ ಕೈಲಿ, ಇನ್ನೂ ಸೊಗಸು.

ಯಾವಾಗ ಡಾಕ್ಟರ ಬಳಿ ಹೋಗಬೇಕು

ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸಿ ಮಾತಾಡದಿದ್ದರೆ, ಹಿಂದಿನಿಂದ ಕರೆದರೆ ತಿರುಗದಿದ್ದರೆ, ‘ಇವರಪ್ಪನೂ ತಡವಾಗೇ ಮಾತಾಡಿದ್ದು’ ಎಂದು ಕೂರದೆ ಮೊದಲು ಕಿವಿ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕಾಗಿ. ಪುಸ್ತಕವನ್ನು ಮೂಗಿಗೆ ಹಿಡಿದರೆ ಕಣ್ಣು ತಪಾಸಣೆ. ಅಕ್ಷರ ತಿರುವುಮುರುವಾಗಿ ಬರೆಯುವುದು ಐದಾರು ವರ್ಷಕ್ಕೆ ಸಹಜ, ಅದಕ್ಕೆ ಡಿಸ್ಲೆಕ್ಸಿಯಾ ಎಂದು ಗೂಗಲ್ ನೋಡಿ ಗಾಬರಿಯಾಗಬೇಡಿ. ಎರಡನೇ ತರಗತಿ ಮುಗಿಯುತ್ತ ಬಂದರೂ, ದಿನಾ ಕೂತು ಕಲಿಸಿದರೂ, ನಿನ್ನೆ ಓದಿದ ಚಿಕ್ಕ ಪದ ಇವತ್ತು ಹೊಸದಾಗಿ ಕಂಡರೆ ಆಗ ತಜ್ಞರನ್ನು ಕಾಣಿ. ಹೋಗುವ ಮೊದಲು ಎರಡು ವಾರ, ಯಾವ ಅಕ್ಷರಕ್ಕೆ ಯಾವ ಅಕ್ಷರ ಓದಿತು, ಯಾವ ಪದದಲ್ಲಿ ನಿಂತಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿರಿ. ‘ಏನೂ ಓದಲ್ಲ ಡಾಕ್ಟ್ರೇ’ ಎನ್ನುವುದಕ್ಕಿಂತ ಆ ಎರಡು ಪುಟ ಅವರಿಗೆ ಹೆಚ್ಚು ಹೇಳುತ್ತವೆ.